ಕ್ಯಾಸನೂರಿನ ಜ್ವರ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ನಕಾಶೆಯಿಂದ ಅಳಿಸಿಹೋಯಿತು. ಬೀದರ್ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ಸೀಮೆ ಆಂಧ್ರಪ್ರದೇಶದ ಪಾಲಾಯಿತು. ಗುಲ್ಬರ್ಗಾದಿಂದ ತಾಂಡೂರು, ಕೊಡಂಗಲ್ ಅತ್ತಲೇ ಸರಿದವು. ಉದಗೀರ, ನಿಲಂಗಾ ಮುಂಬಯಿಗೆ ಹೋದವು. ಆ ಎರಡು ಜಿಲ್ಲೆಗಳ ಉಳಿದ ಭಾಗ ವಿಶಾಲ ಮೈಸೂರನ್ನು ಸೇರಿತು. ನಾರಾಯಣಖೇಡ ಸೀಮೆಯ ನಾಗಲಗಿದ್ದದ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿಯಿತು, ಕಚೇರಿಯ ಮಾತು ತೆಲುಗಾಯಿತು. ಗೆರೆ ಎಳೆದವರು ದಿಲ್ಲಿಯವರು. ಬೀದರಿನ ಬಜಾರಿಗೆ ಹೋಗುವವರು ಹೋಗುತ್ತಲೇ ಇದ್ದರು.

ಅದೇ ಹೊಸ ಮೈಸೂರು ರಾಜ್ಯದ ಇನ್ನೊಂದು ತುದಿಯಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ರಾಜ್ಯಕ್ಕೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಆ ಕಾಡಿನ ಪಕ್ಕದ ಹಳ್ಳಿಯ ಹೆಸರು ಕ್ಯಾಸನೂರು. ಕನ್ನಡದ ಒಂದು ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನು ಸೇರಿದ್ದು ಹೀಗೆ. ಹಂಪಿ, ಬೇಲೂರು ಕಾಣದ ಎಷ್ಟೋ ಪರದೇಶಿ ವೈದ್ಯರಿಗೆ ಕ್ಯಾಸನೂರು ಗೊತ್ತು.

ಮೊದಲು ಬಿದ್ದವು ಮುಸುವಗಳು, ಅಂದರೆ ಕಪ್ಪು ಮೋರೆಯ, ಉದ್ದ ಬಾಲದ ಕೋತಿಗಳು. ಆಮೇಲೆ ಕೆಂಪು ಮೋರೆಯ ಮಂಗಗಳು. ಮರದ ಮೇಲೆ ಮಂಕಾಗಿ ಕೂತಿದ್ದು, ಕೈಬಿಟ್ಟು, ಕೆಳಗೆ ಬಿದ್ದು ಸಾಯುತ್ತಿದ್ದವು. ಹನುಮಂತನ ಕುಲವೆಂದು ಕೈಮುಗಿಯುವ ಜನ ಹೆಣಗಳನ್ನು ಕಂಡು ಅಪಶಕುನವೆಂದುಕೊಂಡರು. ಅದೇ ಹೊತ್ತಿಗೆ ಕಾಡಿಗೆ ಹೋಗಿ ಬಂದ ಮನುಷ್ಯರಿಗೂ ಜ್ವರ ಬರತೊಡಗಿತು. ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಮುರಿದಂಥ ನೋವು, ಕೆಂಪು ಕಣ್ಣು, ಕೆಲವರಿಗೆ ಮೂಗು ಮತ್ತು ಒಸಡಿನಿಂದ ರಕ್ತ. ಸ್ಥಳೀಯ ಆರೋಗ್ಯ ಸಿಬ್ಬಂದಿ ಇದನ್ನು ವಿಷಮಶೀತ ಜ್ವರವೆಂದು ಭಾವಿಸಿದರು. ಅವರನ್ನು ಈಗ ತಪ್ಪು ಹಿಡಿಯುವುದು ಸುಲಭ. ಬೇಸಿಗೆ ಹತ್ತಿರವಾಗಿ ಕೆರೆ ಬಾವಿ ಬತ್ತುವ ಕಾಲದಲ್ಲಿ, ಒಂದೇ ಊರಿನ ಹತ್ತು ಜನ ಜ್ವರದಿಂದ ಮಲಗಿದರೆ ಯಾವ ವೈದ್ಯನಾದರೂ ಮೊದಲು ನೀರನ್ನೇ ಅನುಮಾನಿಸುತ್ತಾನೆ. ಆಮೇಲೆ ಹಳ್ಳಿಗಳಲ್ಲಿ ವಿಚಾರಿಸಿದಾಗ ತಿಳಿದದ್ದೇನೆಂದರೆ, ಹಿಂದಿನ ವರ್ಷವೂ, 1956ರಲ್ಲೂ, ಇಂಥದೇ ಜ್ವರ ಬಂದು ಹೋಗಿತ್ತು.

ಮನುಷ್ಯರ ಜ್ವರವೊಂದೇ ಆಗಿದ್ದರೆ ಸುದ್ದಿ ಸೊರಬದಲ್ಲೇ ಉಳಿಯುತ್ತಿತ್ತೇನೋ. ಅದನ್ನು ಪುಣೆಗೆ ಮುಟ್ಟಿಸಿದ್ದು ಸತ್ತ ಮಂಗಗಳು.

ಪುಣೆಯಲ್ಲಿ 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ್ದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆ ಹೆಸರು ಬಂದದ್ದು 1978ರಲ್ಲಿ. ಸೊಳ್ಳೆ, ಉಣ್ಣಿಯಂಥವುಗಳಿಂದ ಹರಡುವ ವೈರಸ್‌ಗಳನ್ನು ಹುಡುಕುವುದು ಅದರ ಮೂಲ ಕೆಲಸ. ನಿರ್ದೇಶಕರಾಗಿದ್ದವರು ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕನ್ ವೈದ್ಯ. 1957ರ ಮಾರ್ಚ್‌ನಲ್ಲಿ ಮಂಗಗಳ ಸಾವಿನ ಸುದ್ದಿ ತಲುಪಿದಾಗ ಅವರಿಗೆ ಹೊಳೆದ ಹೆಸರು ಒಂದೇ: ಹಳದಿ ಜ್ವರ.

ಆ ಭಯಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಮತ್ತು ಮನುಷ್ಯರು ಒಟ್ಟಿಗೆ ಸಾಯುವ ರೋಗವೆಂದರೆ ಅದು. ಅದನ್ನು ಹರಡುವ ಈಡಿಸ್ ಸೊಳ್ಳೆ ಭಾರತದ ಊರೂರಿನಲ್ಲಿದೆ, ಅದಕ್ಕೆ ಬೇಕಾದ ಮಂಗಗಳೂ ಇವೆ, ಅದನ್ನು ತಡೆಯುವ ಶಕ್ತಿ ಮಾತ್ರ ಇಲ್ಲಿಯ ಜನರ ಮೈಯಲ್ಲಿಲ್ಲ. ಆದರೂ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ಆಫ್ರಿಕಾದಿಂದ ಬರುವವರ ಲಸಿಕೆ ಪತ್ರವನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಇಂದಿಗೂ ನೋಡುವುದು ಆ ಹೆದರಿಕೆಯಿಂದಲೇ. ಸೊರಬದಲ್ಲಿ ಕಂಡದ್ದು ಅದೇ ಆಗಿದ್ದರೆ, ಕೋಟ್ಯಂತರ ಜನರ ದೇಶದಲ್ಲಿ ಏನಾಗುತ್ತಿತ್ತೆಂದು ಊಹಿಸಲೂ ಕಷ್ಟ.

ವರ್ಕ್ ಮತ್ತು ಪ್ರಾಣಿಶಾಸ್ತ್ರಜ್ಞ ಹೆರಾಲ್ಡ್ ಟ್ರಪಿಡೊ ತಮ್ಮ ಭಾರತೀಯ ಸಹೋದ್ಯೋಗಿಗಳೊಂದಿಗೆ ಕಾಡಿಗೆ ಬಂದರು. ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಬಿದ್ದಿದ್ದ ಮಂಗನ ಅಂಗಾಂಶವನ್ನು ಪುಣೆಗೆ ಒಯ್ದು, ಅರೆದು, ಆಗಷ್ಟೇ ಹುಟ್ಟಿದ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಿದರು. ಮರಿಗಳು ಸತ್ತವು. ಅವುಗಳ ಮಿದುಳಿನಿಂದ ಇನ್ನೊಂದು ತಂಡದ ಮರಿಗಳಿಗೆ ಚುಚ್ಚಿದರು, ಅವೂ ಸತ್ತವು. ಜ್ವರದವರ ರಕ್ತದಿಂದಲೂ ಅದೇ ಫಲ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕೆಲಸದಲ್ಲಿ ಯಾರೂ ವೈರಸ್ಸನ್ನು ಕಣ್ಣಾರೆ ಕಂಡಿರಲಿಲ್ಲ. ಬ್ಯಾಕ್ಟೀರಿಯಾವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಗಾಜಿನ ತಟ್ಟೆಯಲ್ಲಿ ಬೆಳೆಸಬಹುದು. ವೈರಸ್ ಎರಡಕ್ಕೂ ಒಗ್ಗುವುದಿಲ್ಲ. 1890ರ ದಶಕದಲ್ಲಿ ರಷ್ಯಾದ ಇವನೋವ್ಸ್ಕಿ, ಹಾಲೆಂಡಿನ ಬೈಯರಿಂಕ್ ಹೊಗೆಸೊಪ್ಪಿನ ರೋಗದ ರಸವನ್ನು ಬ್ಯಾಕ್ಟೀರಿಯಾ ದಾಟದಂಥ ಸೋಸುವ ಗಡಿಗೆಯಲ್ಲಿ ಸೋಸಿದಾಗಲೂ ಆ ರಸದಲ್ಲಿ ರೋಗದ ಗುಣ ಉಳಿದಿತ್ತು. ಅಲ್ಲಿಂದ ಶುರುವಾಯಿತು ವೈರಸ್ಸಿನ ಕಥೆ. 1957ರಲ್ಲೂ ಅದನ್ನು ಗುರುತಿಸುವ ದಾರಿ ಪರೋಕ್ಷವೇ: ಜೀವಂತ ಪ್ರಾಣಿಯೊಂದರಲ್ಲಿ ಬೆಳೆಸುವುದು, ಆಮೇಲೆ ಗೊತ್ತಿರುವ ವೈರಸ್‌ಗಳ ವಿರುದ್ಧ ಸಿದ್ಧವಾದ ಪ್ರತಿಕಾಯಗಳನ್ನು ಒಂದೊಂದಾಗಿ ಸೇರಿಸಿ ಯಾವುದು ಇದನ್ನು ಹಿಡಿಯುತ್ತದೆಂದು ನೋಡುವುದು.

ಹಳದಿ ಜ್ವರದ ಪ್ರತಿಕಾಯ ಹಿಡಿಯಲಿಲ್ಲ. ಪುಣೆಯವರು ನಿಟ್ಟುಸಿರು ಬಿಟ್ಟಿರಬೇಕು. ಹಿಡಿದದ್ದು ಮಾತ್ರ ಯಾರೂ ನಿರೀಕ್ಷಿಸದ ಒಂದು ಪ್ರತಿಕಾಯ, ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ್ದು. 1937ರಲ್ಲಿ ಲೆವ್ ಜಿಲ್ಬೆರ್ ಎಂಬ ವಿಜ್ಞಾನಿಯ ತಂಡ ಸೋವಿಯತ್ ದೇಶದ ಪೂರ್ವ ತುದಿಯ ಹಿಮದ ಕಾಡುಗಳಲ್ಲಿ ಆ ವೈರಸ್ಸನ್ನು ಕಂಡುಹಿಡಿದಿತ್ತು. ಆ ತಂಡದ ಕೆಲವರು ಅದೇ ರೋಗಕ್ಕೆ ತುತ್ತಾದರು. ಜಿಲ್ಬೆರ್ ಅದೇ ವರ್ಷ ಸ್ಟಾಲಿನ್ನನ ಪೊಲೀಸರ ಕೈಗೆ ಸಿಕ್ಕಿ ಜೈಲು ಸೇರಿದರು. ಮರಮಟ್ಟು ಕಡಿಯುವ ಕೂಲಿಗಳಿಗೆ ಉಣ್ಣಿ ಕಚ್ಚಿ ಬರುವ ರೋಗ ಅದು. ಸೈಬೀರಿಯಾದ ಹಿಮಕ್ಕೂ ಸೊರಬದ ಅಡಿಕೆ ತೋಟಕ್ಕೂ ಏನು ಸಂಬಂಧ? ಆದರೆ ಈ ನಂಟು ಒಂದು ಸುಳಿವು ಕೊಟ್ಟಿತು. ಸೊಳ್ಳೆಯನ್ನು ಬಿಟ್ಟು ಉಣ್ಣಿಯನ್ನು ಹುಡುಕಿ ಎಂದಿತು.

ಮಲೆನಾಡಿನವರು ಉಣುಗು ಎನ್ನುತ್ತಾರೆ. ನಮ್ಮ ಎರೆಸೀಮೆಯ ಎತ್ತು ಎಮ್ಮೆಗಳ ಕಿವಿಯಲ್ಲಿ, ಕೆಚ್ಚಲಲ್ಲಿ ಕೂತು ರಕ್ತ ಹೀರಿ ಹುಣಿಸೆಬೀಜದಷ್ಟು ಉಬ್ಬುವುದೂ ಇದರ ದಾಯಾದಿಯೇ. ಸೊರಬ, ಸಾಗರದ ಕಾಡಿನ ನೆಲದ ಮೇಲೆ ಹರಡಿದ ಒಣ ಎಲೆಗಳ ದರಗಿನಲ್ಲಿ, ಸತ್ತ ಮಂಗಗಳ ಮೈಮೇಲೆ ಉಣುಗುಗಳು ಲೆಕ್ಕವಿಲ್ಲದಷ್ಟು ಸಿಕ್ಕವು. ಗುಂಪುಗುಂಪಾಗಿ ಅರೆದು ಪರೀಕ್ಷಿಸಿದಾಗ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಲ್ಲಿ ವೈರಸ್ ಸಿಕ್ಕಿತು. 1957ರ ಆ ಮೊದಲ ಹಂಗಾಮಿನಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 466, ಮರುವರ್ಷ 181. ವೈರಸ್ಸು, ಅದರ ವಾಹಕ, ಅದಕ್ಕೆ ಬಲಿಯಾಗುವ ಪ್ರಾಣಿ, ಎಲ್ಲವೂ ಕೆಲವೇ ತಿಂಗಳಲ್ಲಿ ಬಯಲಾದವು. ಆ ಕಾಲಕ್ಕೆ ಇದು ದೊಡ್ಡ ಸಾಧನೆ. ಕಷ್ಟದ ಕೆಲಸ ಮುಗಿಯಿತೆಂದು ಎಲ್ಲರೂ ನಂಬಿದ್ದರೆ ಆಶ್ಚರ್ಯವಿಲ್ಲ.

ಆ ಉಣುಗಿನ ಬಾಯಿಂದ ಮನುಷ್ಯನ ಚರ್ಮದೊಳಗೆ ಇಳಿಯುವುದಾದರೂ ಏನು? ಸುಮಾರು 45 ನ್ಯಾನೋಮೀಟರಿನ ಒಂದು ಗುಂಡು. ಇಂಥವನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಹೊರಗೆ ಕೊಬ್ಬಿನ ತೆಳು ಪೊರೆ, ಅದರಲ್ಲಿ ನೆಟ್ಟ ಪ್ರೊಟೀನುಗಳು, ಒಳಗೆ ಆರ್‌ಎನ್‌ಎ ಎಂಬ ಒಂದೇ ಎಳೆ. ಆ ಎಳೆಯಲ್ಲಿ ಸುಮಾರು 10,800 ಅಕ್ಷರಗಳು. ಮನುಷ್ಯನ ಆನುವಂಶಿಕ ಬರಹದಲ್ಲಿ 300 ಕೋಟಿ. ಇಷ್ಟು ಚಿಕ್ಕ ಬರಹದಲ್ಲಿ ಉಸಿರಾಡುವ, ಉಣ್ಣುವ, ಬೆಳೆಯುವ ವಿವರವೇನೂ ಇಲ್ಲ. ಇರುವುದು ಹತ್ತು ಪ್ರೊಟೀನುಗಳ ಸೂಚನೆ ಮಾತ್ರ. ಮೂರು ತನ್ನ ಮೈ ಕಟ್ಟಿಕೊಳ್ಳಲು, ಏಳು ತನ್ನ ನಕಲು ತೆಗೆಸಿಕೊಳ್ಳಲು. ಸ್ವಂತ ಒಲೆಯಿಲ್ಲದೆ, ಅಡುಗೆಯ ಚೀಟಿಯೊಂದನ್ನೇ ಹಿಡಿದು ಇನ್ನೊಬ್ಬರ ಮನೆಗೆ ನುಗ್ಗುವವನ ರೀತಿ ಇದು.

ಉಣುಗು ಕಚ್ಚುವಾಗ ಬಿಡುವ ಜೊಲ್ಲಿನಲ್ಲಿ ನೋವು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ, ಚರ್ಮದ ಕಾವಲನ್ನು ಮಂಕಾಗಿಸುವ ವಸ್ತುಗಳಿವೆ. ವೈರಸ್ಸಿಗೆ ಅದೇ ಅನುಕೂಲ. ಚರ್ಮದ ಕೆಳಗೆ ಅದು ಮೊದಲು ಹೊಗುವುದು ನಮ್ಮನ್ನು ಕಾಯಬೇಕಾದ ಜೀವಕೋಶಗಳನ್ನೇ. ಹೊರಮೈಯ ಪ್ರೊಟೀನು ಜೀವಕೋಶದ ಮೈಯನ್ನು ಹಿಡಿದುಕೊಳ್ಳುತ್ತದೆ. ಜೀವಕೋಶ ಅದನ್ನು ಒಂದು ಗುಳ್ಳೆಯೊಳಗೆ ಎಳೆದುಕೊಳ್ಳುತ್ತದೆ. ಗುಳ್ಳೆಯೊಳಗೆ ಹುಳಿ ಏರುತ್ತಿದ್ದಂತೆ ಆ ಪ್ರೊಟೀನಿನ ಆಕಾರ ಬದಲಾಗಿ, ವೈರಸ್ಸಿನ ಪೊರೆ ಗುಳ್ಳೆಯ ಪೊರೆಯಲ್ಲಿ ಬೆರೆತುಹೋಗುತ್ತದೆ. ನಮ್ಮ ಮೈ ಶತ್ರುವನ್ನು ಅರಗಿಸಿಕೊಳ್ಳಲು ಇಟ್ಟುಕೊಂಡ ಹುಳಿಯೇ ಶತ್ರುವಿಗೆ ಬಾಗಿಲು ತೆರೆಯುತ್ತದೆ. ಆರ್‌ಎನ್‌ಎ ಎಳೆ ಹೊರಗೆ ಜಾರುತ್ತದೆ. ಜೀವಕೋಶದ ಪ್ರೊಟೀನು ತಯಾರಿಸುವ ಯಂತ್ರಗಳು ಅದನ್ನು ತಮ್ಮದೇ ಆದೇಶವೆಂದು ಓದಿ, 3,416 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರ ಪೋಣಿಸುತ್ತವೆ. ಆ ಸರ ತುಂಡಾಗಿ ಹತ್ತು ಪ್ರೊಟೀನುಗಳಾಗುತ್ತದೆ. ಎಳೆಯ ನಕಲುಗಳು ಏಳುತ್ತವೆ, ಹೊಸ ಗುಂಡುಗಳು ಕಟ್ಟಿಕೊಳ್ಳುತ್ತವೆ, ಹೊರಬಿದ್ದು ಪಕ್ಕದ ಜೀವಕೋಶಗಳನ್ನು ಹೊಗುತ್ತವೆ.

ಕಚ್ಚಿದ ಮೂರರಿಂದ ಎಂಟು ದಿನ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಮ್ಮೆಲೇ ಚಳಿ ಜ್ವರ. ಅಷ್ಟರಲ್ಲಿ ವೈರಸ್ ರಕ್ತದಲ್ಲಿ ತುಂಬಿರುತ್ತದೆ. ಆದರೆ ಜ್ವರ, ಮೈಕೈ ನೋವು ಬಹುಮಟ್ಟಿಗೆ ವೈರಸ್ಸಿನ ಕೈವಾಡವಲ್ಲ. ಹೊಕ್ಕದ್ದನ್ನು ಅರಿತ ಜೀವಕೋಶಗಳು ಇಂಟರ್‌ಫೆರಾನ್‌ನಂಥ ಎಚ್ಚರಿಕೆಯ ರಸಗಳನ್ನು ಬಿಡುತ್ತವೆ, ಮೈ ಬಿಸಿಯೇರುವುದು ಅದರಿಂದ. ರಕ್ತದಲ್ಲಿ ಬಿಳಿಕಣಗಳು ಇಳಿಯುತ್ತವೆ. ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ, ಆದ್ದರಿಂದಲೇ ಮೂಗಿನಲ್ಲಿ ರಕ್ತ. ಒಂದೆರಡು ವಾರದಲ್ಲಿ ಹೆಚ್ಚಿನವರು ಏಳುತ್ತಾರೆ, ಆದರೆ ಸುಸ್ತು ತಿಂಗಳುಗಟ್ಟಲೆ ಬಿಡುವುದಿಲ್ಲ. ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟ ಮೇಲೆ ಮತ್ತೆ ಮರಳುತ್ತದೆ. ಈ ಸಲ ತಲೆಸುತ್ತು, ನಡುಕ, ಬಡಬಡಿಕೆ. ರೋಗ ಮಿದುಳನ್ನು ಮುಟ್ಟಿದ ಲಕ್ಷಣ. ಹಿಮದ ನಾಡಿನ ದಾಯಾದಿಯ ಗುಣ ಇಲ್ಲಿ ಇಣುಕುತ್ತದೆ. ಸಾಯುವವರು ನೂರಕ್ಕೆ ಮೂರರಿಂದ ಐದು. ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಆಂಟಿಬಯಾಟಿಕ್ ಮಾತ್ರೆ ಬ್ಯಾಕ್ಟೀರಿಯಾದ ಗೋಡೆಯನ್ನೋ ಯಂತ್ರವನ್ನೋ ಹೊಡೆಯುತ್ತದೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ಯಂತ್ರವೂ ಇಲ್ಲ. ಅದು ಬಳಸುವುದು ಬಹುಪಾಲು ನಮ್ಮದು. ನೀರು, ಸಲೈನ್, ಬೇಕಾದರೆ ರಕ್ತ ಕೊಟ್ಟು, ಮೈ ತಾನೇ ಗೆಲ್ಲುವವರೆಗೆ ಕಾಯಬೇಕು.

ವಿಚಿತ್ರವೆಂದರೆ, ಇಷ್ಟೆಲ್ಲ ಮಾಡಿದ ವೈರಸ್ಸಿಗೆ ಮನುಷ್ಯನಿಂದ ಲಾಭವೇ ಇಲ್ಲ. ಕೆಮ್ಮಿದರೆ, ಮುಟ್ಟಿದರೆ, ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ. ಅದರ ದಾರಿ ಮನುಷ್ಯನಲ್ಲಿ ಮುಗಿದುಹೋಗುತ್ತದೆ. ಅದೇ 1957ರ ಮೇ ತಿಂಗಳಲ್ಲಿ ಸಿಂಗಪುರದ ಕಡೆಯಿಂದ ಹಡಗಿನಲ್ಲಿ ಏಷ್ಯನ್ ಫ್ಲೂ ಮದರಾಸಿಗೆ ಬಂದಿಳಿದು, ಕೆಲವೇ ವಾರಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಅದೂ ಆರ್‌ಎನ್‌ಎ ವೈರಸ್ಸೇ. ಉಸಿರಿನ ದಾರಿ ಹಿಡಿದದ್ದು ಲೋಕ ಸುತ್ತಿತು, ಉಣುಗಿನ ಬಾಯನ್ನು ನಂಬಿದ್ದು ಬಹುಕಾಲ ಮಲೆನಾಡಿನ ಕೆಲವು ತಾಲ್ಲೂಕುಗಳಲ್ಲೇ ಉಳಿಯಿತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆದಾಗ ಕಲಬುರಗಿ, ಬೀದರ್, ಹೈದರಾಬಾದಿನ ನಡುವಿನ ನಮ್ಮ ರಸ್ತೆಗಳು ಭಣಗುಟ್ಟಿದ್ದು ಎಲ್ಲರಿಗೂ ನೆನಪಿದೆ. ಮಲೆನಾಡಿನವರು ಮಂಗನ ಕಾಯಿಲೆ ಎನ್ನುವ ಈ ಜ್ವರಕ್ಕೆ ಯಾವ ರಸ್ತೆಯನ್ನೂ ಮುಚ್ಚಬೇಕಾಗಿಲ್ಲ. ಅದಕ್ಕೇ ಇರಬೇಕು, ಸೊರಬ ಸಾಗರದ ಆಚೆಗೆ ಅದನ್ನು ಯಾರೂ ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ.

ಹಾಗಾದರೆ 1957ಕ್ಕೆ ಮುಂಚೆ ಇದು ಎಲ್ಲಿತ್ತು? ಮೊದಲು ಎದ್ದ ಅನುಮಾನ ಹಕ್ಕಿಗಳ ಮೇಲೆ. ರಷ್ಯಾದ ವೈರಸ್ಸಿನ ದಾಯಾದಿ ಎಂದ ಮೇಲೆ, ಚಳಿಗಾಲದಲ್ಲಿ ಸೈಬೀರಿಯಾದಿಂದ ಹಾರಿಬರುವ ಹಕ್ಕಿಗಳ ಮೈಮೇಲಿನ ಉಣ್ಣಿ ಇದನ್ನು ತಂದಿರಬಹುದಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ಹಮ್ಮಿಕೊಂಡರು. ಆಮೇಲೆ ಅದಕ್ಕೆ ಅಮೆರಿಕದ ಸೇನೆಗೆ ಸಂಬಂಧಿಸಿದ ಹಣವೂ ಸೇರಿತೆಂಬುದು ಎಪ್ಪತ್ತರ ದಶಕದಲ್ಲಿ ಸಂಸತ್ತಿನವರೆಗೆ ಹೋದ ವಿವಾದವಾಯಿತು. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ಅರಿವಿನ ಒಂದು ಪಾಲಿಗೆ ಕ್ಯಾಸನೂರಿನ ಜ್ವರವೇ ಕಾರಣ. ಜ್ವರದ ಮೂಲ ಮಾತ್ರ ಹಕ್ಕಿಯ ಕಾಲಲ್ಲಿ ಸಿಗಲಿಲ್ಲ.

ಆ ಪ್ರಶ್ನೆಯ ಉತ್ತರದ ಕಡೆಗೆ ಹೆಜ್ಜೆಯಿಟ್ಟವರು ಕೊಲಂಬಿಯಾದ ಹೋರ್ಹೆ ಬೊಶೆಲ್. ನನ್ನ ಮಟ್ಟಿಗೆ ಈ ಕಥೆಯ ನಾಯಕರು ಅವರು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರವನ್ನು ಬೆನ್ನಟ್ಟಿದ್ದ ವೈದ್ಯ. ಮರ ಕಡಿಯುವವರಿಗೇ ಆ ಜ್ವರ ಯಾಕೆ ಹೆಚ್ಚೆಂಬ ಪ್ರಶ್ನೆಗೆ ಅಲ್ಲಿ ಕಣ್ಣಾರೆ ಉತ್ತರ ಕಂಡಿದ್ದರು: ದೊಡ್ಡ ಮರ ಉರುಳಿದಾಗ ಅದರ ತುದಿಯಲ್ಲಿ ಮಂಗಗಳ ಜೊತೆ ಬದುಕಿದ್ದ ನೀಲಿ ಸೊಳ್ಳೆಗಳು ನೆಲಕ್ಕಿಳಿದು ಕೊಡಲಿ ಹಿಡಿದವನನ್ನು ಮುತ್ತುತ್ತಿದ್ದವು. ಅಂಥ ಕಣ್ಣು ಹೊತ್ತು ಅವರು ಸಾಗರಕ್ಕೆ ಬಂದರು. ಅಲ್ಲಿಯ ಕ್ಷೇತ್ರ ಕೇಂದ್ರದಲ್ಲಿ ಪುಣೆಯ ಸಂಶೋಧಕರು ವರ್ಷಗಟ್ಟಲೆ ಇಲಿ, ಹೆಗ್ಗಣ, ಅಳಿಲು, ಕಾಡುಕೋಳಿ ಹಿಡಿದು ಅವುಗಳ ಮೈಯ ಉಣುಗು ಹೆಕ್ಕುತ್ತಿದ್ದರು. 1957ರಿಂದ 1964ರ ನಡುವೆ ಸಾವಿರಕ್ಕೂ ಹೆಚ್ಚು ಮಂಗಗಳ ಸಾವು ದಾಖಲಾಯಿತು. ಸಂಶೋಧಕರಲ್ಲೂ ಹಲವರಿಗೆ ಈ ಜ್ವರ ಬಂತು. ಪ್ರಯೋಗಾಲಯದ ಗಾಜಿನ ನಡುವೆ ಕೂತವರನ್ನೂ ಅದು ಬಿಡಲಿಲ್ಲ.

1969ರಲ್ಲಿ ಬೊಶೆಲ್ ಬರೆದ ಲೇಖನದ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವೈರಸ್ ಹೊರಗಿನಿಂದ ಬಂದದ್ದಲ್ಲ. ಕಾಡಿನ ಸಣ್ಣ ಪ್ರಾಣಿಗಳು ಮತ್ತು ಅವುಗಳ ಉಣುಗುಗಳ ನಡುವೆ ಯಾರಿಗೂ ತಿಳಿಯದಂತೆ ಸುತ್ತುತ್ತಲೇ ಇದ್ದದ್ದು. ಬದಲಾದದ್ದು ಕಾಡು. ಮಲೇರಿಯಾಕ್ಕೆ ಹೆದರಿ ಜನ ದೂರವಿದ್ದ ಮಲೆನಾಡಿಗೆ ಡಿಡಿಟಿ ಬಂದ ಮೇಲೆ ಜನ ಬಂದರು. ಕಾಡು ಕಡಿದು ಗದ್ದೆ ಮಾಡಿದರು, ಜೊತೆಗೆ ದನಗಳು ಬಂದವು. ಮೇಯಲು ಬಿಟ್ಟ ದನಗಳು ಕಾಡಿನೊಳಕ್ಕೆ ಹೋದವು. ಬಲಿತ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿಯ ರಕ್ತ. ಹಿಂದೆ ಅದಕ್ಕಾಗಿ ಅಪರೂಪಕ್ಕೆ ಹಾಯುವ ಕಡವೆಯನ್ನೋ ಕಾಟಿಯನ್ನೋ ಕಾಯಬೇಕಿತ್ತು, ಈಗ ದಿನವೂ ನೂರಾರು ಹಸುಗಳು. ಹೊಟ್ಟೆ ತುಂಬಿದ ಹೆಣ್ಣುಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಹಸುವಿಗೆ ಈ ವೈರಸ್ಸಿನಿಂದ ರೋಗವಿಲ್ಲ, ವೈರಸ್ಸಿಗೂ ಹಸುವಿನಿಂದ ಹೆಚ್ಚು ಉಪಯೋಗವಿಲ್ಲ. ಆದರೆ ವೈರಸ್ಸಿನ ಗಾಡಿಗಳನ್ನು ಲಕ್ಷಗಟ್ಟಲೆ ಹೆಚ್ಚಿಸಿದ್ದು ಹಸುವೇ.

ಮಳೆ ನಿಂತ ಮೇಲೆ ಮೊಟ್ಟೆಯಿಂದ ಆರು ಕಾಲಿನ ಮರಿಗಳು ಹೊರಡುತ್ತವೆ. ಇಲಿಯನ್ನೋ ಹಕ್ಕಿಯನ್ನೋ ಮಂಗನನ್ನೋ ಕಚ್ಚಿ, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗುಗಳಾಗುತ್ತವೆ. ಮರಿಯಾಗಿದ್ದಾಗ ಹೀರಿದ ವೈರಸ್ ಆ ಹಂತಕ್ಕೂ ದಾಟುತ್ತದೆ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಈ ಎಳೆಯ ಉಣುಗು. ಎಳ್ಳಿನಷ್ಟೂ ಇಲ್ಲದ ಅದು ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅದರ ಕಾಲ ನವೆಂಬರಿನಿಂದ ಮೇ. ಮಲೆನಾಡಿನಲ್ಲಿ ಕೊಯ್ಲು ಮುಗಿದು, ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ದರಗು, ಸೊಪ್ಪು, ಒಲೆಗೆ ಸೌದೆ ತರಲು ಹೆಂಗಸರು ಗಂಡಸರು ಬೆಟ್ಟ ಹತ್ತುವುದೂ ಅದೇ ತಿಂಗಳುಗಳಲ್ಲಿ. ಮಂಗ ಇಲ್ಲಿ ಅಪರಾಧಿಯಲ್ಲ. ಮನುಷ್ಯನಿಗಿಂತ ಬೇಗ ಸಾಯುವ ಬಡಪಾಯಿ ಅದು. ಆದರೆ ಅದರ ರಕ್ತದಲ್ಲಿ ವೈರಸ್ ವಿಪರೀತ ತುಂಬುತ್ತದೆ. ಸತ್ತು ಬಿದ್ದ ಜಾಗದಲ್ಲಿ ಮೈಮೇಲಿನ ಉಣುಗುಗಳೆಲ್ಲ ನೆಲಕ್ಕಿಳಿಯುತ್ತವೆ, ಆ ನೆಲ ವೈರಸ್ಸಿನ ಗೂಡಾಗುತ್ತದೆ. ಹೆಣದ ಸುತ್ತ 50 ಮೀಟರ್ ಮೆಲಾಥಿಯಾನ್ ಕೀಟನಾಶಕ ಚೆಲ್ಲುವ ಪದ್ಧತಿ ಬಂದದ್ದು ಅದಕ್ಕೇ.

ಬೊಶೆಲ್‌ರ ವಾದ ಒಪ್ಪಿದರೆ ಉಪಾಯವೂ ಕಾಣುತ್ತದೆ: ಕಾಡಿನ ಅಂಚು ಮತ್ತು ದನದ ಮೇವು, ಇವೆರಡನ್ನು ನೋಡಿಕೊಳ್ಳಬೇಕು. ಅದು ವೈದ್ಯರ ಕೈಯ ಕೆಲಸವಲ್ಲ. ಕಂದಾಯ, ಅರಣ್ಯ, ಪಶುಪಾಲನೆ ಇಲಾಖೆಗಳೆಲ್ಲ ಒಂದೇ ಮೇಜಿಗೆ ಕೂರಬೇಕಾದ ಕೆಲಸ. ಸರ್ಕಾರಗಳಿಗೆ ಅದಕ್ಕಿಂತ ಸೂಜಿ ಸುಲಭ. ರಷ್ಯಾದ ವೈರಸ್ಸಿನಿಂದ ಅಮೆರಿಕದಲ್ಲಿ ತಯಾರಿಸಿದ ಲಸಿಕೆಯನ್ನು ಐವತ್ತರ ದಶಕದ ಕೊನೆಗೇ ಸಾವಿರಾರು ಜನರಿಗೆ ಹಾಕಿ ನೋಡಿದ್ದಾಗಿತ್ತು, ಫಲ ಸಿಕ್ಕಿರಲಿಲ್ಲ. ದಾಯಾದಿಯಾದರೂ ಬೇರೆ ವೈರಸ್ ಅಲ್ಲವೇ.

ಬೊಶೆಲ್ ಹೇಳಿದ್ದಕ್ಕೆ ಸಾಕ್ಷಿ ಹದಿನಾಲ್ಕು ವರ್ಷದ ಬಳಿಕ ದಕ್ಷಿಣ ಕನ್ನಡದಲ್ಲಿ ಸಿಕ್ಕಿತು. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದರು. 1983ರ ಬೇಸಿಗೆಯ ಹೊತ್ತಿಗೆ ಮಂಗಗಳು ಬೀಳತೊಡಗಿದವು, ಕಡಿಯಲು ಹೋದವರು ಮಲಗಿದರು. ಸಾವಿರಕ್ಕೂ ಹೆಚ್ಚು ಜನರಿಗೆ ಜ್ವರ ಬಂತು. ಸೊರಬದ ಮೊದಲ ಹಂಗಾಮಿಗಿಂತ ಎಷ್ಟೋ ದೊಡ್ಡ ಹಾವಳಿ.

ಆಮೇಲಿನದು ಲಸಿಕೆಯ ಕಾಲ. ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ತಯಾರಿಸಿದ್ದು. 1990ರ ಸುಮಾರಿಗೆ ಹಳ್ಳಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಒಂದು ಡೋಸಿಗೆ ಶೇ. 79.3, ಎರಡಕ್ಕೆ ಶೇ. 93.5ರಷ್ಟು ರಕ್ಷಣೆ ಕಂಡಿತು. ಬೆಂಗಳೂರಿನ ಹೆಬ್ಬಾಳದ ಪಶು ಲಸಿಕಾ ಸಂಸ್ಥೆಯಲ್ಲಿ ತಯಾರಾಗಿ ಶಿವಮೊಗ್ಗಕ್ಕೆ ಬರುತ್ತಿತ್ತು. ಚುಚ್ಚಿದ ಕಡೆ ಜೋರು ನೋವು. ಒಮ್ಮೆ ಹಾಕಿಸಿಕೊಂಡವರು ಎರಡನೆಯ ಸಲ ಆರೋಗ್ಯ ಸಿಬ್ಬಂದಿ ಬಂದಾಗ ತೋಟದ ಕಡೆ ಹೊರಟುಬಿಡುತ್ತಿದ್ದರು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು. ಅಷ್ಟರಲ್ಲಿ ವೈರಸ್ ಹಳೆಯ ಜಾಗಗಳನ್ನು ದಾಟಿ ಪಶ್ಚಿಮಘಟ್ಟದುದ್ದಕ್ಕೂ ಕಾಣಿಸಿಕೊಳ್ಳತೊಡಗಿತು: 2012ರ ಕೊನೆಯಲ್ಲಿ ಬಂಡೀಪುರ, ಆಮೇಲೆ ವಯನಾಡು, ನೀಲಗಿರಿ, 2015ರಲ್ಲಿ ಗೋವಾದ ಸತ್ತರಿ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗ. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾಲುಸಾಲು ಸಾವುಗಳಾದವು. ಅರವತ್ತು ವರ್ಷ ಗೊತ್ತಿದ್ದ ವೈರಸ್ಸು, ಮೊದಲ ಜಾಗದಿಂದ ಒಂದೆರಡು ಗಂಟೆ ಬಸ್ಸಿನ ದಾರಿ. ಜನ ಆರೋಗ್ಯ ಇಲಾಖೆಯ ಮೇಲೆ ಸಿಟ್ಟಾದದ್ದು ಸಹಜ. ಆ ಸಿಟ್ಟಿನ ಒಂದು ಪಾಲು, ವೈರಸ್ ಸಿಕ್ಕಿತು ಎಂದೊಡನೆ ಕಥೆ ಮುಗಿಯಿತೆಂದು ಅರವತ್ತು ವರ್ಷ ನಂಬಿ ಕೂತವರೆಲ್ಲರಿಗೂ ಸಲ್ಲಬೇಕು.

ತೆಲಂಗಾಣದ ಓದುಗರು ಇದು ಮಲೆನಾಡಿನ ಗೋಳೆಂದು ಪುಟ ತಿರುವುವ ಹಾಗಿಲ್ಲ. ಇದೇ ಪುಣೆಯ ಕೇಂದ್ರ 1965ರಲ್ಲಿ ನಾಗಪುರದ ಹತ್ತಿರದ ಚಂಡೀಪುರ ಎಂಬ ಊರಿನ ಇಬ್ಬರು ಜ್ವರದವರ ರಕ್ತದಲ್ಲಿ ಒಂದು ಹೊಸ ವೈರಸ್ ಕಂಡಿತ್ತು. ಮರಳುನೊಣದಿಂದ ಹರಡುವಂಥದು. ಅಪಾಯವಿಲ್ಲದ್ದೆಂದು ಬಗೆದು ಬಹುಕಾಲ ಅದನ್ನು ಬದಿಗಿಟ್ಟಿದ್ದರು. 2003ರ ಜೂನ್‌ನಿಂದ ಆಗಸ್ಟ್ ನಡುವೆ ಕರೀಂನಗರ, ವರಂಗಲ್ ಸೇರಿ ಆಗಿನ ಆಂಧ್ರಪ್ರದೇಶದ ಜಿಲ್ಲೆಗಳಲ್ಲಿ 329 ಮಕ್ಕಳು ಮಿದುಳುಜ್ವರದಿಂದ ಮಲಗಿ, 183 ಮಕ್ಕಳು ಸತ್ತರು. ಹಲವರು ಒಂದೆರಡು ದಿನದೊಳಗೇ. ಹುಡುಕಿದಾಗ ಸಿಕ್ಕಿದ್ದು ಚಂಡೀಪುರದ ಅದೇ ವೈರಸ್. ಹೆಸರಿಟ್ಟು ಪಟ್ಟಿಗೆ ಸೇರಿಸಿ ಮೂವತ್ತೆಂಟು ವರ್ಷವಾಗಿತ್ತು.

ಕ್ಯಾಸನೂರಿನ ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ಹೊಸದನ್ನು ತಯಾರಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯ ಕೈಹಿಡಿದಿದೆ. ದನಗಳ ಕಾಲುಬಾಯಿ ಜ್ವರದ ಲಸಿಕೆಯಿಂದ ನಮ್ಮ ರೈತರಿಗೆಲ್ಲ ಪರಿಚಯವಿರುವ ಸಂಸ್ಥೆ ಅದು. ಅಲ್ಲಿಯವರೆಗೆ ಸೊರಬ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಾಡಂಚಿನವರಿಗೆ ಉಳಿದಿರುವುದು ಆಶಾ ಕಾರ್ಯಕರ್ತೆಯರು ಹಂಚುವ, ಉಣುಗನ್ನು ದೂರವಿಡುವ ಡೀಪಾ ಎಣ್ಣೆ, ಮಂಗ ಸತ್ತಲ್ಲಿಗೆ ಹೋಗಬೇಡಿ ಎಂಬ ಎಚ್ಚರಿಕೆ, ಶಿವಮೊಗ್ಗದ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ. ಕಾಡಿಗೆ ಹೋಗಬೇಡಿ ಎಂದರೆ ದರಗು ತರುವುದು ಯಾರು?

ಹೊಸ ಲಸಿಕೆ ಬಂದರೂ ಅದರ ಲೆಕ್ಕ ಉಣುಗಿನ ಲೆಕ್ಕಕ್ಕೆ ಹೊಂದಬೇಕು. ಹಳೆಯದಕ್ಕೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸು ಬೇಕಿತ್ತು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಜನವರಿಯಲ್ಲಿ ಬೆಟ್ಟ ಹತ್ತುವವರ ರಕ್ತದಲ್ಲಿ ಪ್ರತಿಕಾಯ ಸಿದ್ಧವಿರಬೇಕಾದರೆ ಮೊದಲ ಸೂಜಿ ಬೀಳಬೇಕಾದದ್ದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಆಗ ಮಲೆನಾಡಿನಲ್ಲಿ ಮಳೆ ಹೊಯ್ಯುತ್ತಿರುತ್ತದೆ, ಅಡಿಕೆಗೆ ಕೊಳೆರೋಗದ ಔಷಧ ಹೊಡೆಯುವ ಅವಸರವಿರುತ್ತದೆ, ಕಾಡಿನಲ್ಲಿ ಒಂದು ಮಂಗವೂ ಸತ್ತಿರುವುದಿಲ್ಲ.